ಬನ್ನಿ ಎಂದವನ ಭಾನುವಾರ

ನ್ಯೂರ್ಟಿಂಗನ್ ಊರಿನ ಆ ಮೂರಂತಸ್ತಿನ ಕಟ್ಟಡಕ್ಕೆ ಕಾಲಿಟ್ಟ ದಿನವೇ ಅಮೆರಿಕದ ನೆಬ್ರಾಸ್ಕಾದಿಂದ ಪಂಪು ಕಾರ್ಖಾನೆಯ ಕೆಲಸಕ್ಕೆ ಬಂದ ವೆಂಡೆಲ್ ಪ್ರೆಂಟಿಸ್ ಒಂದು ಘೋರ ಶಪಥ ಮಾಡಿದ್ದ.

"ಲೊರೆಟ್ಟಾ, ನೋಡ್ತಾ ಇರು! ಈ ಜರ್ಮನ್ನರು ಮೆಟ್ಟಿಲ ಮೇಲೆ ಎದುರಾದ್ರೂ ತಲೆ ಅಲ್ಲಾಡಿಸಿ ಹೋಗ್ಬಿಡ್ತಾರೆ. ಇವರ ಬಾಯಿ ಬಿಡಿಸದೇ ಹೋದ್ರೆ ನಾನು ನೆಬ್ರಾಸ್ಕಾದವನೇ ಅಲ್ಲ!"

ಸಾಮಾನಿನ ಗುಡ್ಡದ ನಡುವೆ ಕುಸಿದು ಕೂತಿದ್ದ ಹೆಂಡತಿ ಕಣ್ಣು ತೆರೆಯದೇ ಹೇಳಿದಳು: "ಮೊದಲು ಆ ನೀಲಿ ಪೆಟ್ಟಿಗೆಯ ಬಾಯಿ ಬಿಡಿಸು. ಹಾಸಿಗೆ ಬಟ್ಟೆ ಅದರಲ್ಲಿದೆ."

ಜನರನ್ನು ಗೆಲ್ಲುವುದಕ್ಕೆ ವೆಂಡೆಲ್ ಬಳಿ ಇದ್ದದ್ದು ಒಂದೇ ಅಸ್ತ್ರ. ಯಾರೇ ಸಿಗಲಿ, ಹಲ್ಲು ಕಿಸಿದು, ಬೆನ್ನು ತಟ್ಟಿ, "ಒಂದ್ಸಲ ಮನೆ ಕಡೆ ಬನ್ನಿ. ಒಳ್ಳೇ ಮಾಂಸ ಸುಟ್ಟು ಹಾಕ್ತೀನಿ!" ಎನ್ನುವುದು. ನೆಬ್ರಾಸ್ಕಾದಲ್ಲಿ ಇದು ಆಹ್ವಾನವಲ್ಲ, ನಮಸ್ಕಾರದ ಬಾಲ. ಹೇಳಿದವನೂ ಮರೆಯುತ್ತಾನೆ, ಕೇಳಿದವನೂ ಮರೆಯುತ್ತಾನೆ, ಇಬ್ಬರಿಗೂ ಊಟ ಮಾಡಿದಷ್ಟೇ ಸಂತೋಷವಾಗುತ್ತದೆ. ವೆಂಡೆಲ್ ತನ್ನ ಜೀವಮಾನದಲ್ಲಿ ಹಾಗೆ ಕರೆದವರೆಲ್ಲ ನಿಜಕ್ಕೂ ಬಂದುಬಿಟ್ಟಿದ್ದರೆ ನೆಬ್ರಾಸ್ಕಾದಲ್ಲಿ ಒಂದು ದನವೂ ಉಳಿಯುತ್ತಿರಲಿಲ್ಲ!

ಈ ಅಸ್ತ್ರವನ್ನು ಅವನು ನ್ಯೂರ್ಟಿಂಗನ್ನಿನಲ್ಲಿ ಎರಡು ವರ್ಷ ಎಡೆಬಿಡದೆ ಪ್ರಯೋಗಿಸಿದ. ಜನ ಗಂಭೀರವಾಗಿ ಕೇಳಿಸಿಕೊಂಡು, "ಯೋಚಿಸ್ತೀವಿ" ಎಂದು ಹೋಗುತ್ತಿದ್ದರು. ಯೋಚಿಸುವುದಕ್ಕೆ ಅದರಲ್ಲೇನಿದೆ ಎಂದು ವೆಂಡೆಲ್ ಯೋಚಿಸಲೇ ಇಲ್ಲ.

ಅವನಿಗೆ ಪುರಸೊತ್ತಾದರೂ ಎಲ್ಲಿತ್ತು? ಯುರೋಪಿನ ದೊಡ್ಡ ದೋಷವೆಂದರೆ ಅಲ್ಲಿ ಎಲ್ಲವೂ ಹತ್ತಿರ. ನೆಬ್ರಾಸ್ಕಾದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಕಾರು ಓಡಿಸಿದರೆ ನೆಬ್ರಾಸ್ಕಾ ಸಿಗುತ್ತದೆ. ಇಲ್ಲಿ ಅಷ್ಟೇ ಹೊತ್ತಿನಲ್ಲಿ ಮೂರು ದೇಶ ದಾಟಬಹುದು. ಹೀಗಾಗಿ ಮಗಳು ಟೆಸ್ಸಾಳ ಶಾಲೆಗೆ ರಜೆ ಬಂದದ್ದೇ ತಡ, ವೆಂಡೆಲ್ ಹೆಂಡತಿ ಮಗಳನ್ನು ಕಾರಿಗೆ ತುಂಬಿಕೊಂಡು ಹೊರಟುಬಿಡುತ್ತಿದ್ದ. ಲೊರೆಟ್ಟಾಳ ಪಾದಗಳು ಅರ್ಧ ಖಂಡದ ಕಲ್ಲುಹಾಸುಗಳನ್ನು ಬಲ್ಲವು. ಅವಳ ಪಾಲಿಗೆ ಯುರೋಪ್ ಎಂದರೆ ಕೂರಲು ಬೆಂಚಿಲ್ಲದ ಒಂದು ದೊಡ್ಡ ಚರ್ಚು.

"ಅಪ್ಪಾ, ಈ ಚರ್ಚನ್ನ ಹೋದ ವರ್ಷವೇ ನೋಡಿದ್ವಿ," ಎನ್ನುತ್ತಿದ್ದಳು ಟೆಸ್ಸಾ.

"ಅದು ಬೇರೆ ದೇಶ ಕಣೇ!"

"ದೇಶ ಬೇರೆ ಇರಬಹುದು. ಮೆಟ್ಟಿಲು ಇವೇ."

ಈ ಸಲದ ಶರತ್ಕಾಲದ ರಜೆಯಲ್ಲಿ ಸ್ಲೊವೇನಿಯಾ ಆಯಿತು, ಅದರ ಪಕ್ಕದ ಟ್ರಿಯೆಸ್ಟೆ ಆಯಿತು, "ಹೇಗೂ ಇಷ್ಟು ದೂರ ಬಂದಿದ್ದೀವಿ" ಎಂದು ನಡುವೆ ಒಂದು ಗುಹೆಯೂ ಆಯಿತು. ಭಾನುವಾರ ಹಿಂದಿರುಗುವಾಗ ಆಲ್ಪ್ಸ್ ಬೆಟ್ಟದ ಸುರಂಗದ ಮುಂದೆ ವಾಹನಗಳು ಸಾಲುಗಟ್ಟಿ ನಿಂತುಬಿಟ್ಟವು. ಮೂವರೂ ಒಂದೇ ಪೊಟ್ಟಣದ ಒಣ ಬಿಸ್ಕತ್ತು ಹಂಚಿಕೊಂಡು ಕೂತಿದ್ದಾಗ ಲೊರೆಟ್ಟಾ ಮೆಲ್ಲಗೆ ಬಾಯಿ ತೆರೆದಳು. ಅವಳು ಮೆಲ್ಲಗೆ ಮಾತಾಡಿದರೆ ವೆಂಡೆಲ್‌ಗೆ ಭಯ.

"ನಾಳೆ ನಿನ್ನ ಕಾರ್ಖಾನೆಗೆ ಉತ್ತರ ಹೇಳಬೇಕಲ್ವಾ? ಇನ್ನೆರಡು ವರ್ಷ ಇಲ್ಲೇ ಇರೋದಾ, ಊರಿಗೆ ಹೋಗೋದಾ ಅಂತ?"

"ಹೌದು ಚಿನ್ನಾ. ನೀನು ಹೂಂ ಅಂದ್ರೆ..." ವೆಂಡೆಲ್‌ಗೆ ಇಲ್ಲೇ ಉಳಿಯುವ ಆಸೆ ಬೆಟ್ಟದಷ್ಟಿತ್ತು. ಅವನು ಕೈಹಾಕಿದ್ದ ಹೊಸ ಪಂಪು ಇನ್ನೂ ಅರ್ಧಕ್ಕೆ ನಿಂತಿತ್ತು. ಅದನ್ನು ಬೇರೆಯವರು ಮುಗಿಸುತ್ತಾರೆಂದು ನೆನೆದರೇ ಅವನಿಗೆ ಊಟ ಸೇರುತ್ತಿರಲಿಲ್ಲ.

"ಹಾಗಾದ್ರೆ ಕೇಳು. ಮನೆಗೆ ಹೋದವಳೇ ಮಲಗ್ತೀನಿ. ನಾಳೆ ಬೆಳಗ್ಗೆವರೆಗೂ ಯಾರೂ ನನ್ನ ಮಾತಾಡಿಸಬಾರದು. ಯಾರೂ ನನಗೆ ಏನನ್ನೂ ತೋರಿಸಬಾರದು. ಎದ್ದಾಗ ಮನುಷ್ಯಳ ಹಾಗಿದ್ರೆ ಇರೋಣ ಅಂತೀನಿ. ಇಲ್ಲಾಂದ್ರೆ ಈ ಸೂಟ್‌ಕೇಸು ಬಿಚ್ಚೋದೇ ಬೇಡ. ಇದನ್ನೇ ಎತ್ಕೊಂಡು ವಿಮಾನ ಹತ್ತಿಬಿಡ್ತೀನಿ. ಎರಡು ವರ್ಷದಿಂದ ಈ ಊರಲ್ಲಿ ನನ್ನನ್ನ ‘ಹೇಗಿದ್ದೀಯಮ್ಮ’ ಅಂತ ಕೇಳಿದವರಿಲ್ಲ. ನನಗೆ ಸಾಕಾಗಿದೆ, ವೆಂಡೆಲ್."

"ನನ್ನಾಣೆ! ಇವತ್ತು ಮನೆಯೊಳಗೆ ಒಂದು ನೊಣಾನೂ ಬಿಡಲ್ಲ!"

ಸಂಜೆ ಮನೆ ತಲುಪಿದರು. ಲೊರೆಟ್ಟಾ ಒಂದು ಶೂ ಕಳಚಿ, ಇನ್ನೊಂದಕ್ಕೆ ಕೈ ಚಾಚುವಷ್ಟರಲ್ಲಿ ಹಾಸಿಗೆಯ ಮೇಲೆ ಬಿದ್ದಳು. ವೆಂಡೆಲ್ ತುದಿಗಾಲಲ್ಲಿ ಹೋಗಿ ಪರದೆಗಳನ್ನೆಲ್ಲ ಎಳೆದ. ಹಾಲ್‌ನ ಸೋಫಾ ಅವನನ್ನು ಹೆತ್ತ ತಾಯಿಯಂತೆ ಕರೆಯಿತು. ಇನ್ನೇನು ಒರಗಬೇಕು, ಕರೆಗಂಟೆ ಬಡಿದುಕೊಂಡಿತು!

ವೆಂಡೆಲ್ ಹಾರಿ ಹೋಗಿ ಬಾಗಿಲು ತೆರೆದ. ಮೇಲಿನ ಅಂತಸ್ತಿನ ಬೊಯರ್ಲೆ ದಂಪತಿ ನಿಂತಿದ್ದರು. ಯಜಮಾನರು ಕಪ್ಪು ಸೂಟಿನಲ್ಲಿದ್ದರು. ಶೂ ಕನ್ನಡಿಯಂತೆ ಹೊಳೆಯುತ್ತಿತ್ತು. ಹೆಂಡತಿಯ ಕೈಯಲ್ಲಿ ಹೂಗುಚ್ಛವಿತ್ತು.

"ಓಹೋ! ಎಲ್ಲಿಗೋ ಹೊರಟ ಹಾಗಿದೆ?" ಎಂದ ವೆಂಡೆಲ್ ಪಿಸುದನಿಯಲ್ಲಿ.

"ಹೊರಟಿದ್ವಿ. ಈಗ ತಲುಪಿದ್ವಿ," ಎಂದರು ಬೊಯರ್ಲೆ.

"ಎಲ್ಲಿಗೆ?"

"ನಿಮ್ಮ ಮನೆಗೆ. ನೀವೇ ಹೇಳಿದ್ರಲ್ಲ, ಭಾನುವಾರ ಪ್ರವಾಸದಿಂದ ವಾಪಸ್ ಬರ್ತೀವಿ, ಆಮೇಲೆ ಬನ್ನಿ ಅಂತ. ಇವತ್ತು ಭಾನುವಾರ. ನಿಮ್ಮ ಕಾರು ಬಂದಿದ್ದು ಕಿಟಕಿಯಿಂದ ನೋಡಿದ್ವಿ. ಅಂದಮೇಲೆ ಇದು ಆಮೇಲೆ."

ಶ್ರೀಮತಿ ಬೊಯರ್ಲೆ ಹೂ ಕೊಡುತ್ತಾ ನಾಚಿಕೊಂಡು ಸೇರಿಸಿದರು: "ಮಾಂಸ ಸುಟ್ಟು ಹಾಕ್ತೀನಿ ಅಂದಿದ್ರಿ. ಅದಕ್ಕೇ ನಾವು ಊಟ ಮಾಡಿಲ್ಲ."

ಸೂಟ್‌ಕೇಸು ಹೊತ್ತು ಇಳಿಯುತ್ತಾ ಮೆಟ್ಟಿಲ ಮೇಲೆ ಹಾಗೊಂದು ಮಾತು ಎಸೆದದ್ದು ವೆಂಡೆಲ್‌ಗೆ ಆಗ ನೆನಪಾಯಿತು. "ಅಯ್ಯೋ, ಅದು ಸುಮ್ನೆ ಹೇಳಿದ್ದು" ಎಂದು ಹೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಸ್ತಿಲಲ್ಲಿ ನಿಂತವರಿಗೆ ಹೋಗಿ ಎನ್ನುವ ನಾಲಿಗೆ ನೆಬ್ರಾಸ್ಕಾದಲ್ಲಿ ತಯಾರಾಗುವುದಿಲ್ಲ. "ಬನ್ನಿ, ಬನ್ನಿ! ಮೆಲ್ಲಗೆ ಬನ್ನಿ," ಎಂದು ಒಳಗೆ ಕರೆದು, ಮಬ್ಬುಗತ್ತಲ ಹಾಲ್‌ನಲ್ಲಿ ಕೂರಿಸಿ, ತುಟಿಯ ಮೇಲೆ ಬೆರಳಿಟ್ಟ.

ಬೊಯರ್ಲೆ ಮೆಚ್ಚುಗೆಯಿಂದ ತಲೆದೂಗಿದರು. "ಭಾನುವಾರ ಸದ್ದು ಮಾಡಬಾರದು ಅನ್ನೋ ನಿಯಮ ನಿಮಗೆ ಗೊತ್ತಿದೆ ಅಂತಾಯ್ತು. ಎರಡು ವರ್ಷದಿಂದ ನಮಗೆ ಹಾಗನ್ನಿಸಿರಲಿಲ್ಲ."

ವೆಂಡೆಲ್ ಅಡುಗೆಮನೆಗೆ ಓಡಿ ಫ್ರಿಜ್ ತೆರೆದ. ಒಳಗಿದ್ದದ್ದು ಸಾಸಿವೆ ಗೊಜ್ಜಿನ ಬಾಟಲಿ, ಮುಪ್ಪಾದ ಅರ್ಧ ನಿಂಬೆಹಣ್ಣು ಮತ್ತು ಟೆಸ್ಸಾಳ ಉಗುರು ಬಣ್ಣ. ಅಂಗಡಿಗೆ ಓಡೋಣವೆಂದರೆ ಭಾನುವಾರ ಜರ್ಮನಿಯಲ್ಲಿ ಅಂಗಡಿಗಳ ಬಾಗಿಲು ಸ್ವರ್ಗದ ಬಾಗಿಲಿಗಿಂತ ಬಿಗಿಯಾಗಿ ಮುಚ್ಚಿರುತ್ತದೆ!

ಮತ್ತೆ ಕರೆಗಂಟೆ!

ಈ ಸಲ ಕೆಳಗಿನ ಮನೆಯ ಹೆಗೆಲೆ ಅಜ್ಜಿ. ಪಿಯಾನೊ ಕಲಿಸಿ ನಿವೃತ್ತರಾದವರು. ಕಪ್ಪು ರೇಷ್ಮೆ ಅಂಗಿ ಧರಿಸಿ, ಪ್ಲಮ್ ಹಣ್ಣಿನ ಕೇಕ್ ಹಿಡಿದು ನಿಂತಿದ್ದರು. "ಮೊದಲ ವರ್ಷ ಕರೆದ್ರಿ, ಬರಲಿಲ್ಲ. ಇಷ್ಟು ಬೇಗ ಒಬ್ಬರ ಮನೆಗೆ ನುಗ್ಗಬಾರದು ಅಂತ ಸುಮ್ಮನಿದ್ದೆ. ಈಗ ಸರಿಯಾದ ಸಮಯ ಅನ್ನಿಸ್ತು," ಎಂದು ಒಳಗೆ ಬಂದು ಬೊಯರ್ಲೆ ದಂಪತಿಯ ಪಕ್ಕ ನೆಟ್ಟಗೆ ಕೂತರು.

ಅಷ್ಟರಲ್ಲಿ ಟೆಸ್ಸಾ ಕೋಣೆಯಿಂದ ಇಣುಕಿದಳು. "ಅಪ್ಪಾ, ಏನಿದು?"

"ಶ್! ಊಟಕ್ಕೆ ಬಂದಿದ್ದಾರೆ."

"ನಮ್ಮನೆಗಾ? ನಮಗೇ ಊಟ ಇಲ್ವಲ್ಲ!"

ಮೂರನೇ ಸಲ ಗಂಟೆ ಬಾರಿಸುವ ಮೊದಲೇ, ಮೆಟ್ಟಿಲ ಮೇಲಿನ ಹೆಜ್ಜೆ ಸದ್ದು ಕೇಳಿ ವೆಂಡೆಲ್ ಬಾಗಿಲು ತೆರೆದ. ಗಟ್ಟಿಮುಟ್ಟಾದ ಒಬ್ಬ ಹೆಂಗಸು ಗಂಟೆಯತ್ತ ಬೆರಳು ಚಾಚಿ ನಿಂತಿದ್ದರು. ಎಲ್ಲೋ ನೋಡಿದ ಮುಖ. ನೋಡಿದಾಗ ಜೇಬಿಗೆ ಏನೋ ನಷ್ಟವಾಗಿದ್ದ ನೆನಪು.

"ಗುರುತು ಸಿಗಲಿಲ್ವಾ? ನಾನು ಷ್ಟೋಲ್. ಔಷಧಿ ಅಂಗಡಿ ಮುಂದೆ ನಿಲ್ಲಿಸಬಾರದ ಕಡೆ ಕಾರು ನಿಲ್ಲಿಸಿದ್ರಲ್ಲ, ದಂಡ ಹಾಕಿದ್ದು ನಾನೇ."

"ಕಟ್ಟಿದ್ದೀನಲ್ಲ ಮೇಡಂ!"

"ಗೊತ್ತು. ನಾನು ಊಟಕ್ಕೆ ಬಂದೆ. ಯಾವ ಭಾನುವಾರ ಬೇಕಾದ್ರೂ ಬನ್ನಿ ಅಂದಿದ್ರಿ. ಇಷ್ಟು ವರ್ಷದ ನನ್ನ ಕೆಲಸದಲ್ಲಿ ದಂಡ ಹಾಕಿಸಿಕೊಂಡು ಊಟಕ್ಕೆ ಕರೆದವರು ನೀವೊಬ್ಬರೇ. ಮಿಕ್ಕವರೆಲ್ಲ ಬೇರೆ ಏನೇನೋ ಕರೆದಿದ್ದಾರೆ."

ಟೆಸ್ಸಾ ಅಪ್ಪನ ಕಿವಿಯಲ್ಲಿ ಕೇಳಿದಳು: "ಅಪ್ಪಾ, ಈ ಊರಲ್ಲಿ ಕರೀದೇ ಬಿಟ್ಟವರು ಯಾರಾದ್ರೂ ಇದ್ದಾರಾ?"

"ಇವರನ್ನ ನೋಡ್ಕೋ. ಮಾತಾಡಿಸಬೇಡ. ಅಮ್ಮ ಎದ್ದರೆ ನನ್ನ ಕಥೆ ಮುಗೀತು," ಎಂದು ವೆಂಡೆಲ್ ಕಾರಿನ ಕೀಲಿ ಹಿಡಿದು ಓಡಿದ. ಭಾನುವಾರ ತೆರೆದಿರುವುದು ಪೆಟ್ರೋಲ್ ಬಂಕಿನ ಪುಟ್ಟ ಅಂಗಡಿ ಮಾತ್ರ. ಬೆಳಗಿನಿಂದ ಬ್ರೇಕು ತುಳಿದು ತುಳಿದು ಅವನ ಬಲಗಾಲು ಮರದ ಕೊರಡಾಗಿತ್ತು. ಕಣ್ಣ ಮುಂದೆ ಇನ್ನೂ ಸುರಂಗದ ದೀಪಗಳು ಓಡುತ್ತಿದ್ದವು. ನೆಬ್ರಾಸ್ಕಾದ ಮಹಾ ಮಾಂಸಪಾಕಕ್ಕಾಗಿ ಅಲ್ಲಿ ಸಿಕ್ಕಿದ್ದು ಬೆರಳುಗಾತ್ರದ ಸಾಸೇಜುಗಳು ಮತ್ತು ಒಂದು ಪೌಂಡು ಬ್ರೆಡ್ಡು.

ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಾಗಿಲು ತೆರೆದವನ ಕೈಯಿಂದ ಬ್ರೆಡ್ಡು ಜಾರಿತು. ಹಾಲ್‌ನ ನಟ್ಟನಡುವೆ, ಕಂಬಳಿ ಹೊದ್ದು, ಕೆದರಿದ ತಲೆಯಲ್ಲಿ, ಒಂದೇ ಕಾಲಿಗೆ ಶೂ ತೊಟ್ಟು ಲೊರೆಟ್ಟಾ ಕೂತಿದ್ದಳು! ಸುತ್ತ ನಾಲ್ವರು ಅತಿಥಿಗಳು ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಟೆಸ್ಸಾ ಓಡಿ ಬಂದು ವರದಿ ಒಪ್ಪಿಸಿದಳು: "ಅಮ್ಮ ನೀರು ಕುಡಿಯೋಕೆ ಎದ್ದು ಬಂದ್ಳು. ಕತ್ತಲಲ್ಲಿ ಕಪ್ಪು ಬಟ್ಟೆ ಹಾಕ್ಕೊಂಡು, ಹೂ ಇಟ್ಕೊಂಡು ಎಲ್ಲ ಸುಮ್ನೆ ಕೂತಿದ್ರಲ್ಲ, ಯಾರೋ ಸತ್ತಿದ್ದಾರೆ ಅಂದ್ಕೊಂಡ್ಳು. ‘ನಿಮ್ಮಪ್ಪ ಹೋಗ್ಬಿಟ್ರಾ?’ ಅಂತ ಕೇಳಿದ್ಳು. ನಾನು ‘ಹೂಂ, ಈಗ ತಾನೇ’ ಅಂದೆ. ಪೆಟ್ರೋಲ್ ಬಂಕಿಗೆ ಅಂತ ಹೇಳೋಷ್ಟರಲ್ಲಿ ಅಳೋಕೆ ಶುರು ಮಾಡಿಬಿಟ್ಳು."

ಲೊರೆಟ್ಟಾ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಅತ್ತಿದ್ದು ದಂಡ ಆಯ್ತು," ಎಂದಳು.

"ಚಿನ್ನಾ, ನೀನು ಹೋಗಿ ಮಲಗು. ನಾನು ನೋಡ್ಕೋತೀನಿ..."

"ಹಸಿದ ಜನರನ್ನ ಮನೇಲಿ ಕೂರಿಸಿ ನಾನು ಗೊರಕೆ ಹೊಡೀಲಾ?" ಅವಳು ಅತಿಥಿಗಳತ್ತ ತಿರುಗಿದಳು. ಆಯಾಸ ಅವಳೊಳಗಿನ ನಯವನ್ನೆಲ್ಲ ತಿಂದುಹಾಕಿತ್ತು. "ನೋಡಿ, ಮನೇಲಿ ಏನೂ ಇಲ್ಲ. ನಮ್ಮೂರಲ್ಲಿ ‘ಬನ್ನಿ’ ಅಂದ್ರೆ ಯಾರೂ ಬರಲ್ಲ. ಅದಕ್ಕೇ ಇವನು ಎಲ್ಲರನ್ನೂ ಕರೀತಾನೆ."

ಬೊಯರ್ಲೆ ಹುಬ್ಬು ಗಂಟಿಕ್ಕಿ, ನಿಜವಾದ ಕುತೂಹಲದಿಂದ ಕೇಳಿದರು: "ಬರಲ್ಲ ಅಂತ ಗೊತ್ತಿದ್ದ ಮೇಲೆ ಯಾಕೆ ಕರೀತೀರಿ?"

"ಅದು... ಹಾಗೆ ಕರೆದ್ರೆ ಒಂಥರಾ ಸಂತೋಷ," ತೊದಲಿದ ವೆಂಡೆಲ್.

"ಯಾರಿಗೆ?"

ವೆಂಡೆಲ್ ಬಿದ್ದ ಬ್ರೆಡ್ಡನ್ನು ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿದ. ಮೇಲೇಳುವುದೇ ಬೇಡವೆನ್ನಿಸಿತು.

ಶ್ರೀಮತಿ ಬೊಯರ್ಲೆ ದಡಕ್ಕನೆ ಎದ್ದು ಹೊರಟರು. ‘ಮುಗೀತು, ಇನ್ನು ಇವರು ಜನ್ಮದಲ್ಲಿ ನಮ್ಮ ಮುಖ ನೋಡಲ್ಲ, ಲೊರೆಟ್ಟಾ ನಾಳೆ ವಿಮಾನ ಹತ್ತುತ್ತಾಳೆ, ನನ್ನ ಪಂಪಿಗೆ ಎಳ್ಳುನೀರು’ ಎಂದುಕೊಂಡ ವೆಂಡೆಲ್. ಆದರೆ ಆಕೆ ಸ್ವಲ್ಪ ಹೊತ್ತಿನಲ್ಲೇ ಒಂದು ದೊಡ್ಡ ಪಾತ್ರೆ ಬೇಳೆ ಸಾರು, ಒಂದು ಬೋಗುಣಿ ಆಲೂಗಡ್ಡೆ ಸಲಾಡು ಹೊತ್ತು ಬಂದರು. ಷ್ಟೋಲ್ ಸಾಸೇಜನ್ನು ಅವನ ಕೈಯಿಂದ ಜಪ್ತಿ ಮಾಡುವ ಮಾಲಿನಂತೆ ಕಸಿದುಕೊಂಡು ಒಲೆಯತ್ತ ನಡೆದರು. ಹೆಗೆಲೆ ಅಜ್ಜಿ ಕೇಕ್ ಕತ್ತರಿಸಿದರು.

ಊಟಕ್ಕೆ ಕೂತದ್ದೂ ಆಯಿತು. ಯಾರೂ ಮಾತಾಡಲಿಲ್ಲ. ಚಮಚದ ಸದ್ದಷ್ಟೇ. ಲೊರೆಟ್ಟಾ ತಟ್ಟೆ ನೋಡುತ್ತಾ ಕೂತಿದ್ದಳು. ಈ ಮೌನವನ್ನು ಮುರಿಯದಿದ್ದರೆ ಎಲ್ಲವೂ ಮುಳುಗುತ್ತದೆಂದು ವೆಂಡೆಲ್‌ಗೆ ಅನ್ನಿಸಿತು. ಅವನು ಟೊಂಕ ಕಟ್ಟಿ ನಿಂತ. ಅಂದರೆ ಬಾಯಿ ತೆರೆದ. ಸ್ಲೊವೇನಿಯಾ ಹೇಳಿದ. ಟ್ರಿಯೆಸ್ಟೆ ಹೇಳಿದ. ಗುಹೆಯ ಪ್ರತಿಯೊಂದು ಕಲ್ಲನ್ನೂ ವರ್ಣಿಸಿದ. ನಡುವೆ ಬೊಯರ್ಲೆ ಬಾಯಿ ತೆರೆದಂತೆ ಕಂಡಿತು. ಪಾಪ, ಸಂಕೋಚದ ಮನುಷ್ಯ, ಮಾತು ಬಾರದೆ ಒದ್ದಾಡುತ್ತಿದ್ದಾರೆಂದು ಅವರನ್ನು ಪಾರುಮಾಡಲು ನೆಬ್ರಾಸ್ಕಾದ ಚಳಿಗಾಲದ ಕಥೆ ಎತ್ತಿಕೊಂಡ. ಬೇಳೆ ಸಾರು ಹೊಟ್ಟೆಯಲ್ಲಿ ಬೆಚ್ಚಗೆ ಮಗ್ಗುಲಾಯಿತು. ಕುರ್ಚಿ ಮೆತ್ತಗಾಯಿತು. "ಆಗ ಆ ಸುರಂಗದ ಬಾಯಲ್ಲಿ ನಾವು..." ಎಂದದ್ದು ಅವನಿಗೆ ನೆನಪಿದೆ. ಆಮೇಲೆ ಸುರಂಗವೇ.

ಕಣ್ಣು ಬಿಟ್ಟಾಗ ಬೆಳಗಾಗಿತ್ತು. ವೆಂಡೆಲ್ ಸೋಫಾದ ಮೇಲಿದ್ದ. ಮೈಮೇಲೆ ಯಾರದೋ ಕಸೂತಿ ಶಾಲು. ಯಾರೋ ಅವನ ಶೂ ಬಿಚ್ಚಿ ಗೋಡೆಗೆ ಜೋಡಿಸಿಟ್ಟಿದ್ದರು. ಅಡುಗೆಮನೆಯಲ್ಲಿ ತಟ್ಟೆಗಳು ಗಾತ್ರದ ಪ್ರಕಾರ ಸೈನಿಕರಂತೆ ನಿಂತಿದ್ದವು. ಆದರೆ ಬಾಗಿಲ ಬಳಿ ನಿಂತಿದ್ದ ಸೂಟ್‌ಕೇಸುಗಳನ್ನು ಕಂಡು ಅವನು ಕೂಗಿಕೊಂಡ.

"ಲೊರೆಟ್ಟಾ! ಹೊರಟೇ ಬಿಟ್ಯಾ?"

ಲೊರೆಟ್ಟಾ ಕಾಫಿ ಹಿಡಿದು ಬಂದಳು. ಕಣ್ಣ ಕೆಳಗೆ ಕಪ್ಪು ಹಾಗೇ ಇತ್ತು. "ಅವು ಖಾಲಿ. ಹೆಗೆಲೆ ಅಜ್ಜಿಯ ನೆಲಮಾಳಿಗೇಲಿ ಜಾಗ ಇದೆಯಂತೆ. ಅಲ್ಲಿಡೋಣ. ಸದ್ಯಕ್ಕೆ ಬೇಕಾಗಲ್ಲ."

"ಅಂದ್ರೆ?"

"ಕಾರ್ಖಾನೆಗೆ ಹೂಂ ಅಂತ ಹೇಳು. ಇನ್ನೆರಡು ವರ್ಷ ಇರೋಣ."

ವೆಂಡೆಲ್ ಶಾಲು ಎಸೆದು ಎದ್ದು ಕೂತ. "ಹಾಗಾದ್ರೆ ಚೆನ್ನಾಗಿ ನಿದ್ದೆ ಬಂತು ಅನ್ನು!"

"ಎಲ್ಲಿಯ ನಿದ್ದೆ? ಅವರು ಎದ್ದು ಹೋಗಿದ್ದೇ ಎಷ್ಟೋ ಹೊತ್ತಿಗೆ. ಮಾತಾಡ್ತಾ ಕೂತ್ವಿ. ಷ್ಟೋಲ್ ಸ್ವಂತ ಅತ್ತೆಗೇ ದಂಡ ಹಾಕಿದ ಕಥೆ ಹೇಳಿದ್ರು, ನಕ್ಕೂ ನಕ್ಕೂ ಹೊಟ್ಟೆ ನೋವು. ಹೆಗೆಲೆ ಅಜ್ಜಿ ‘ನಿನ್ನ ಕಾಲು ಯಾಕಮ್ಮ ಇಷ್ಟು ಊದಿದೆ’ ಅಂತ ಕೇಳಿ ಬಿಸಿನೀರು ತಂದಿಟ್ರು. ಬೊಯರ್ಲೆ ಅಂತೂ ಮಾತು ನಿಲ್ಲಿಸಲೇ ಇಲ್ಲ."

"ಬೊಯರ್ಲೆ? ಆ ಮೂಕ ಬೊಯರ್ಲೆ?" ವೆಂಡೆಲ್ ಎದೆ ಉಬ್ಬಿಸಿದ. "ನೋಡಿದ್ಯಾ! ಎರಡು ವರ್ಷ ಬಿಡದೆ ಬೆನ್ನು ಹತ್ತಿದ್ದೆ. ಕೊನೆಗೂ ಬಾಯಿ ಬಿಡಿಸಿದೆ!"

"ನಾನೂ ಕೇಳಿದೆ, ಇಷ್ಟು ದಿನ ಯಾಕೆ ಮಾತಾಡಲಿಲ್ಲ ಅಂತ."

"ಏನಂದ್ರು?"

ಲೊರೆಟ್ಟಾ ಕಾಫಿ ಲೋಟವನ್ನು ಅವನ ಕೈಗಿಟ್ಟಳು.

"‘ನಿಮ್ಮ ಯಜಮಾನರ ಮಾತು ಮುಗೀಲಿ ಅಂತ ಕಾಯ್ತಿದ್ವಿ’ ಅಂದ್ರು."