ನಿಂತರೆ ಸೋರದ ಗಾಡಿ

ನಾಣಯ್ಯನವರ ಕಾಲುಚೀಲ ಮತ್ತೆ ಒದ್ದೆಯಾಗಿತ್ತು.

ಬೆಳಿಗ್ಗೆ ಶನಿವಾರಸಂತೆಗೆ ಹೋಗಿ ಬಂದವರು ಮನೆಯ ಮೆಟ್ಟಿಲ ಮೇಲೆ ಕೂತು, ಬೂಟು ಬಿಚ್ಚಿ, ಕಾಲುಚೀಲವನ್ನು ಹಿಂಡಿದರು. ನೀರು ದಾರದಂತೆ ಇಳಿಯಿತು. ತನ್ನ ಕುತ್ತಿಗೆಯನ್ನೇ ಹಿಂಡುತ್ತಿದ್ದಾರೇನೋ ಎನ್ನುವಂತೆ ಡ್ರೈವರ್ ಸಾಂತಪ್ಪ ನೋಡುತ್ತ ನಿಂತಿದ್ದ.

"ಮಧ್ಯಾಹ್ನ ಮಡಿಕೇರಿಗೆ ಹೋಗಿ ದಮಯಂತೀನೂ ಮಗೂನೂ ಕರ್ಕೊಂಡು ಬರ್ಬೇಕು. ಗೊತ್ತುಂಟಲ್ಲ?" ಎಂದರು ನಾಣಯ್ಯ. ಅವರ ಹೆಂಡತಿ ದಮಯಂತಿ ಹೆರಿಗೆಗೆ ಅಲ್ಲಿಯ ಆಸ್ಪತ್ರೆ ಸೇರಿದ್ದಳು.

"ಗೊತ್ತು ಸಾವ್ಕಾರ್ರೆ."

"ಹಸಿ ಮಗು. ಈ ಗಾಡಿಯೊಳಗೆ ಅದರ ಮೇಲೆ ಒಂದು ಹನಿ ಬಿತ್ತು ಅಂತ ಇಟ್ಕೋ. ಅತ್ತೆ ನನ್ನ ಬಿಡಲ್ಲ, ನಾನು ನಿನ್ನ ಬಿಡಲ್ಲ. ಗಾಡಿ ಮಾರಿಬಿಡ್ತೀನಿ. ನೀನು ನಾಳೆ ಬೆಳಿಗ್ಗೆ ಕತ್ತಿ ತಗೊಂಡು ಮರಗಸಿಗೆ ಹೋಗು."

ಮರಗಸಿ ಎಂದರೆ ಕಾಫಿ ಗಿಡಗಳಿಗೆ ಬೆಳಕು ಬೀಳಲೆಂದು ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಕೆಲಸ. ಮಳೆಗಾಲದಲ್ಲಿ ಪಾಚಿ ಹಿಡಿದ ಮರ ಎಣ್ಣೆ ಸವರಿದಂತೆ ಜಾರುತ್ತದೆ. ಸಾಂತಪ್ಪ ಒಂದೇ ಒಂದು ಸಲ ಹತ್ತಿದ್ದ. ಅರ್ಧ ಮರದಲ್ಲಿ ಕಣ್ಣು ಮುಚ್ಚಿ, ಬೊಡ್ಡೆಯನ್ನು ತಬ್ಬಿಕೊಂಡು ಕೂತವನನ್ನು ಇಳಿಸಲು ಏಣಿ, ಹಗ್ಗ, ಆಳುಗಳು ಎಲ್ಲ ಬೇಕಾಯಿತು. ಆಮೇಲೆ ಅವನು ಸ್ಟೂಲಿನ ಮೇಲೂ ನಿಂತವನಲ್ಲ. ಅವನು ಡ್ರೈವಿಂಗ್ ಕಲಿತದ್ದೇ ಇನ್ನು ನೆಲ ಬಿಡಬಾರದು ಎಂದು.

ಗಾಡಿ ಯುದ್ಧ ಮುಗಿದ ಹೊಸದರಲ್ಲಿ ಬಂದ ಜೀಪು ವ್ಯಾಗನ್. ತಗಡಿನ ಮೈ, ತಗಡಿನ ಮಾಡು. ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ನಾಣಯ್ಯ ಕೊಂಡಿದ್ದರು. ಕೊಡಗು ಮೈಸೂರಿಗೆ ಸೇರಿ ಇದು ಎರಡನೇ ಮಳೆಗಾಲ. ಮೊದಲನೆಯದರಲ್ಲಿ ಒಳಗೊಂದು ಹನಿ ಬಂದಿರಲಿಲ್ಲ. ಈ ಸಲ ಮಾತ್ರ ಇಳಿಜಾರಿನಲ್ಲಿ ಮುಂದೆ ಕೂತವರ ಕಾಲು ಒದ್ದೆ, ಏರಿನಲ್ಲಿ ಹಿಂದೆ ಕೂತವರ ಕಾಲು ಒದ್ದೆ.

ಶೆಡ್ಡಿನ ಮುಂದೆ ಸಾಂತಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ರೈಟರ್ ಕುಟ್ಟಪ್ಪ ಬಂದ. ಆಳುಗಳ ಹಾಜರಿ ಬರೆಯುವುದು ಅವನ ಕೆಲಸ. ಆದರೆ ಎಸ್ಟೇಟಿನಲ್ಲಿ ಪಂಪು ಕೆಟ್ಟರೂ ಹಸುವಿಗೆ ಹೊಟ್ಟೆಯುಬ್ಬರವಾದರೂ ಮೊದಲು ಬಂದು ನಿಲ್ಲುವವನು ಅವನೇ.

"ನೆಲಕ್ಕೆಲ್ಲ ಒಲೆ ಬೂದಿ ಚೆಲ್ಲು," ಎಂದ ಕುಟ್ಟಪ್ಪ. "ಮೇಲಿಂದ ನೀರು ಹೊಯ್ಸು. ಎಲ್ಲಿ ಬೂದಿ ಕಪ್ಪಾಗುತ್ತೋ ಅಲ್ಲಿ ತೂತು. ಕಳ್ಳ ಹೆಜ್ಜೆ ಬಿಟ್ಟು ಹೋದಂಗೆ ಸಿಕ್ಕಿಬೀಳುತ್ತೆ."

ಗಾಡಿಯ ಮಾಡಿಗೆ ನೀರು ಹೊಯ್ಯಲು ಡ್ರಮ್ಮು ಹತ್ತುವುದು ಸಾಂತಪ್ಪನಿಂದ ಆಗದು. ಆಳುಗಳ ಲೈನುಮನೆಯ ಹೆಂಗಸು ದೊಡ್ಡಿಯನ್ನು ಕರೆದರು. ಅವಳು ಡ್ರಮ್ಮಿನ ಮೇಲೆ ನಿಂತು ಸೊಂಟಕ್ಕೆ ಕೈಯಿಟ್ಟಳು.

"ಮಳೆ ಹಿಂಗೆ ಸುರೀತದೆ. ಅದರ ಮೇಲೆ ನಾನು ಬೇರೆ ಸುರೀಬೇಕಾ?"

"ಮಳೆಗೆ ಇಂಥ ಕಡೆ ಬೀಳು ಅಂತ ಹೇಳೋಕಾಗುತ್ತಾ? ನಿಂಗಾದ್ರೆ ಹೇಳ್ಬಹುದು," ಎನ್ನುತ್ತ ಕುಟ್ಟಪ್ಪ ಗಾಡಿಯೊಳಗೆ ಸೇರಿ ಬಾಗಿಲು ಹಾಕಿಕೊಂಡ.

ದೊಡ್ಡಿ ಕೊಡದ ಮೇಲೆ ಕೊಡ ಹೊಯ್ದಳು. ಸಾಂತಪ್ಪ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಹೊದ್ದು ಹೊರಗೆ ನಿಂತು, ಕಿಟಕಿಗೆ ಮೂಗು ಒತ್ತಿ ನೋಡಿದ. ಬೂದಿ ಒಲೆಯಿಂದ ಈಗ ತಾನೇ ತೆಗೆದಂತೆ ಬೆಳ್ಳಗೆ ಇತ್ತು.

"ನನ್ನ ಸೊಂಟ ಬಿತ್ತು. ನಿಮ್ಮ ಗಾಡೀಲಿ ಒಂದು ಹನಿ ಬೀಳಲಿಲ್ಲ," ಎಂದು ದೊಡ್ಡಿ ಕೊಡ ಎತ್ತಿಕೊಂಡು ಹೋದಳು.

ಕುಟ್ಟಪ್ಪ ಗಂಭೀರನಾದ. "ನಿಂತ್ರೆ ಸೋರಲ್ಲ, ಓಡಿದ್ರೆ ಸೋರುತ್ತೆ. ಇದು ಬೇರೆ ಥರದ ಕಾಯಿಲೆ ಸಾಂತಪ್ಪ. ಸಿದ್ದಾಚಾರಿಗೆ ತೋರಿಸೋಣ ನಡಿ."

ಸಿದ್ದಾಚಾರಿಯ ಕುಲುಮೆ ಇದ್ದದ್ದು ದೊಡ್ಡ ರಸ್ತೆ ಸೇರುವಲ್ಲಿ. ಅಲ್ಲಿಗೆ ಹೋಗಲು ಎರಡು ಉಣುಗೋಲು ದಾಟಬೇಕು. ತೋಟಕ್ಕೆ ದನ ನುಗ್ಗದಂತೆ ಅಡ್ಡ ಹಾಕಿದ ಬಿದಿರು ಗಳಗಳು ಅವು. ಪ್ರತಿ ಉಣುಗೋಲಿನಲ್ಲೂ ಸಾಂತಪ್ಪ ಕೊಪ್ಪೆ ಹಾಕಿಕೊಂಡು ಇಳಿದು ಗಳ ಸರಿಸಬೇಕು, ಗಾಡಿ ದಾಟಿಸಬೇಕು, ಮತ್ತೆ ಇಳಿದು ಗಳ ಹಾಕಬೇಕು, ಕೊಪ್ಪೆಯನ್ನು ಪಕ್ಕದ ಸೀಟಿನ ಅಡಿ ಜಾಕು, ಸ್ಪ್ಯಾನರು ಇಡುವ ಗೂಡಿಗೆ ತುರುಕಬೇಕು. ದಿನಾ ಮಾಡಿ ಮಾಡಿ ಅವನ ಕೈಕಾಲು ಇದನ್ನೆಲ್ಲ ತಮ್ಮಷ್ಟಕ್ಕೆ ತಾವೇ ಮಾಡುತ್ತಿದ್ದವು. ತಲೆಯಲ್ಲಿ ಮರವೊಂದೇ ಇತ್ತು.

ಕುಲುಮೆ ತಲಪುವಾಗ ಕುಟ್ಟಪ್ಪನ ಕಾಲಡಿಯ ಬೂದಿ ರಾಗಿ ಅಂಬಲಿಯಂತಾಗಿತ್ತು.

"ನೋಡು," ಎಂದ ಕುಟ್ಟಪ್ಪ, ತನ್ನ ಮಾತು ನಿಜವಾದ ಸಂತೋಷದಲ್ಲಿ. "ಓಡಿತು, ಸೋರಿತು."

ಸಿದ್ದಾಚಾರಿ ಗಾಡಿಯ ಸುತ್ತ ಬಂದ. ಅಡಿಗೆ ಮಲಗಿ ನೋಡಿದ. ಎದ್ದು ಬೀಡಿ ಹಚ್ಚಿದ.

"ನೀರು ಎಲ್ಲಿಂದ ಬರುತ್ತೆ ಅಂತ ಹುಡುಕ್ತಾ ಕೂತ್ರೆ ಮುಂದಿನ ಬೇಸಿಗೆ ಬಂದ್ಬಿಡುತ್ತೆ. ಬಂದ ನೀರು ಹೋಗೋಕೆ ದಾರಿ ಇಲ್ಲ, ಅದೇ ತೊಂದ್ರೆ. ದಾರಿ ಮಾಡಿಕೊಟ್ರೆ ಅದು ಯಾಕೆ ನಿಲ್ಲುತ್ತೆ?"

"ನೆಲಕ್ಕೆ ತೂತಾ?" ಎಂದ ಸಾಂತಪ್ಪ. "ಸಾವ್ಕಾರ್ರನ್ನ ಒಂದು ಮಾತು ಕೇಳಿ..."

"ಕೇಳಿದ್ರೆ ಬೇಡ ಅಂತಾರೆ. ಅದಕ್ಕೇ ಕೇಳಬಾರದು," ಎಂದ ಕುಟ್ಟಪ್ಪ.

ಸಿದ್ದಾಚಾರಿಯ ಕೈ ಧಾರಾಳ. ಮುಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಉಳಿ ಇಟ್ಟು ಹೊಡೆದು, ಅಂಗೈಯಷ್ಟು ಅಗಲದ ಎರಡು ಕಿಂಡಿ ತೆಗೆದ. ಕೆಳಗಿನ ಕೆಸರು ಕಾಣುತ್ತಿತ್ತು. ಸಾಂತಪ್ಪ ಬೇಗನೆ ಅದರ ಮೇಲೊಂದು ಗೋಣಿಚೀಲ ಹಾಸಿದ.

ಮಧ್ಯಾಹ್ನ ನಾಣಯ್ಯನವರ ಅತ್ತೆ ಪೂವಮ್ಮ ಬಂದು ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಕೂತರೆ ಅವರಿಗೆ ವಾಂತಿ. ಚಪ್ಪಲಿ ಮೆಟ್ಟುವ ಅಭ್ಯಾಸವೂ ಇಲ್ಲ. ನಾಣಯ್ಯ ಹಿಂದೆ ಕೂತು ಕಾಲನ್ನು ಮುಂಜಾಗ್ರತೆಯಿಂದ ಸೀಟಿನ ಮೇಲೆ ಮಡಚಿಕೊಂಡರು. ಮೊದಲ ಉಣುಗೋಲು ಬಂತು. ಸಾಂತಪ್ಪ ಇಳಿದ, ಸರಿಸಿದ, ದಾಟಿಸಿದ, ಹಾಕಿದ, ಹತ್ತಿದ, ತುರುಕಿದ.

"ಸಾಂತಪ್ಪ," ಎಂದರು ಪೂವಮ್ಮ. "ಅದೆಂಥದು ನನ್ನ ಅಡಿಗೆ ತುರುಕಿದ್ದು?"

"ಏನಿಲ್ಲ ದೊಡ್ಡಮ್ಮ. ಕಂಬಳಿ."

ಪೂವಮ್ಮ ಬಗ್ಗಿ ಎಳೆದರು. ಕೆರೆಯಿಂದ ಎಮ್ಮೆ ಎದ್ದು ಬಂದಂತೆ ಕಂಬಳಿ ಬಂತು. ನೀರು ಗೋಣಿಚೀಲದ ಮೇಲೆ ಹೊಳೆಯಾಗಿ ಹರಿಯಿತು.

"ಇದು ಯಾವಾಗಿಂದ ಇಲ್ಲಿ ಇಡೋದು?" ನಾಣಯ್ಯನವರ ದನಿ ಹಿಂದಿನಿಂದ ಬಂತು.

"ಹೋದ ವರ್ಷ ಹಿಂಬಾಗಿಲಿಗೆ ನೇತಾಕ್ತಿದ್ದೆ ಸಾವ್ಕಾರ್ರೆ. ಗಾಡಿಗೆ ಸತ್ತ ಕುರಿ ಕಟ್ಕೊಂಡು ತಿರುಗ್ತೀಯ ಅಂತ ನೀವೇ ಬೈದ್ರಿ. ಅದಕ್ಕೆ ಈ ವರ್ಷ..."

ಮೊದಲು ನಕ್ಕದ್ದು ಪೂವಮ್ಮ. ಆಮೇಲೆ ನಾಣಯ್ಯನೂ ನಕ್ಕರು. "ಹಾಗಾದ್ರೆ ಗಾಡಿಗೆ ಎಂಥದೂ ಆಗ್ಲಿಲ್ಲ. ಮಾರೋದು ಬೇಡ. ಹೊರಗೆ ಕಟ್ಟು ಅದನ್ನ, ನಡಿ."

ಸಾಂತಪ್ಪನ ಎದೆಯ ಮೇಲಿಂದ ಒಂದು ಮರವೇ ಇಳಿದು ಹೋದಂತಾಯಿತು. ಸೋಮವಾರಪೇಟೆಯ ಹತ್ತಿರ ಬರುವವರೆಗೂ ಅವನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿದ್ದ. ಅಲ್ಲಿ ಮೋರಿ ತುಂಬಿ, ಕೆಂಪು ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಆಗ ಅವನಿಗೆ ಕಿಂಡಿಗಳ ನೆನಪಾಯಿತು.

"ಯಾಕೋ ನಿಧಾನ? ಇಷ್ಟು ನೀರಿಗೆ ಹೆದರ್ತೀಯ?" ಎಂದರು ನಾಣಯ್ಯ. "ಜೋರಾಗಿ ಬಿಡು. ಹೊತ್ತಾಗುತ್ತೆ."

"ಸಾವ್ಕಾರ್ರೆ, ಒಂದು ಮಾತು..."

"ಬಿಡು ಅಂದೆ."

ಬಿಟ್ಟ. ಗೋಣಿಚೀಲ ಹೆಡೆಯೆತ್ತಿತು. ಅದರ ಅಡಿಯಿಂದ ಎರಡು ಕೆಂಪು ಚಿಲುಮೆ ಎದ್ದು ಪೂವಮ್ಮನ ಮೊಣಕಾಲಿನವರೆಗೆ ಬಣ್ಣ ಹಚ್ಚಿದವು. ಪೂವಮ್ಮ ಎರಡೂ ಕಾಲನ್ನು ಸೀಟಿನ ಮೇಲೆಳೆದುಕೊಂಡು ಶಾಂತವಾಗಿ ಹೇಳಿದರು:

"ನಾಣಯ್ಯ, ನಿನ್ನ ಗಾಡೀಲಿ ಈಗ ಕೆಳಗಿಂದ ಮಳೆ ಬರ್ತಾ ಉಂಟು."

ರಸ್ತೆ ಬದಿಯಲ್ಲಿ ನಿಲ್ಲಿಸಿ ಸಾಂತಪ್ಪ ಎಲ್ಲವನ್ನೂ ಒಪ್ಪಿಕೊಂಡ. ನಾಣಯ್ಯ ಬಾಯಿ ತೆರೆಯುವ ಮೊದಲೇ ಪೂವಮ್ಮ ತೀರ್ಪು ಕೊಟ್ಟರು. "ಬೈಯೋದು ಆಮೇಲೆ. ಮಗು ಬರೋ ಗಾಡಿ. ಆ ಕಂಬಳಿ ಹರಿದು ತೂತಿಗೆ ಬಿಗಿಯಾಗಿ ತುರುಕು. ಉಳಿದದ್ದನ್ನ ಹಿಂಡಿ ಮೇಲೆ ಹಾಸು."

ಅದು ಅವನ ಮದುವೆಯಲ್ಲಿ ಮಾವ ಕೊಟ್ಟ ಕಂಬಳಿ. ಸಾಂತಪ್ಪ ಮುಖ ತಿರುಗಿಸಿ ಹರಿದ.

ಮಡಿಕೇರಿಯಿಂದ ವಾಪಸು ಬರುವಾಗ ಗಾಡಿಯೊಳಗು ಭತ್ತದ ಕಣಜದಂತೆ ಬೆಚ್ಚಗಿತ್ತು. ಮಗು ಪೂವಮ್ಮನ ಮಡಿಲಲ್ಲಿ, ದಮಯಂತಿ ಗಂಡನ ಜೊತೆ ಹಿಂದೆ. ಸೋಮವಾರಪೇಟೆಯ ನೀರಿನಲ್ಲೂ ಒಂದು ಹನಿ ಒಳಗೆ ಬರಲಿಲ್ಲ. "ಪರವಾಗಿಲ್ಲ ಸಾಂತಪ್ಪ," ಎಂದರು ನಾಣಯ್ಯ.

ತೋಟದ ಉಣುಗೋಲು ಬಂತು. ಹೊದೆಯಲು ಕೊಪ್ಪೆ ಇಲ್ಲ. ಗಳ ಸರಿಸಲು ಎರಡು ಕೈಯೂ ಬೇಕು, ಕೊಡೆ ಹಿಡಿಯಲು ಮೂರನೆಯದಿಲ್ಲ. ನೆನೆದು ಬಂದು ಬಾಗಿಲಿಗೆ ಅಂಟಿಕೊಂಡು, ಮಗುವಿನಿಂದ ಆದಷ್ಟು ದೂರ ಕೂತು ಓಡಿಸಿದ. ಎರಡನೆಯದರಲ್ಲಿ ಇನ್ನೂ ನೆನೆದ. ಹತ್ತಿ ಕೂತು ಗೇರಿಗೆ ಕೈ ಹಾಕುವಾಗ ಪೂವಮ್ಮ ಕರೆದರು.

"ಇಲ್ಲಿ ನೋಡು, ಕಣ್ಣು ಬಿಟ್ಟು ನಿನ್ನೇ ನೋಡ್ತಾ ಉಂಟು."

ಸಾವ್ಕಾರರ ಮನೆಯ ಮಗುವನ್ನು ನೋಡು ಎಂದರೆ ನೋಡದಿರುವುದು ಹೇಗೆ? ಸಾಂತಪ್ಪ ಬಗ್ಗಿ ನೋಡಿದ. ಅವನ ಮೂಗಿನ ತುದಿಯಲ್ಲಿ ತೂಗುತ್ತಿದ್ದ ಒಂದು ಹನಿ ಮಗುವಿನ ಹಣೆಯ ನಡುವೆ ಬಿತ್ತು.

ಮಗು ಕಿರುಚಿತು.

"ಗಾಡಿ ಸೋರಲ್ಲ ಅಂತ ಗೊತ್ತಾಯ್ತು," ಎಂದರು ನಾಣಯ್ಯ ಮೆಲ್ಲಗೆ. "ಗಾಡಿ ಇಟ್ಕೊಳ್ತೀನಿ."

ಮರುದಿನ ಬೆಳಿಗ್ಗೆ ಸಾಂತಪ್ಪ ಮರಗಸಿಯ ಕತ್ತಿ ಸೊಂಟಕ್ಕೆ ಸಿಕ್ಕಿಸಿ, ಎರಡನೇ ಉಣುಗೋಲಿನ ಪಕ್ಕದ ಮರದಲ್ಲಿ, ಕಣ್ಣು ಮುಚ್ಚಿ, ಬೊಡ್ಡೆಯನ್ನು ತಬ್ಬಿಕೊಂಡಿದ್ದ. ಮಳೆ ಬೆನ್ನ ಮೇಲೆ ಇಳಿಯುತ್ತಿತ್ತು. ಕೆಳಗೆ ವ್ಯಾಗನ್ನು ಬಂದು ನಿಂತು ಹಾರನ್ ಹೊಡೆಯಿತು. ಸ್ಟೀರಿಂಗ್ ಹಿಡಿದು ನಾಣಯ್ಯ ಕೂತಿದ್ದರು.

"ಸಾಂತಪ್ಪ, ಉಣುಗೋಲು."

ಅವನು ಒಂದೊಂದೇ ಗೇಣು ಜಾರಿ ಇಳಿದು ಬಂದು ಗಳ ಸರಿಸಿದ. ಗಾಡಿ ದಾಟಿತು. ಮುಂದಿನ ಸೀಟಿನಲ್ಲಿ ಕಂಬಳಿಯ ತುಂಡಿನ ಮೇಲೆ ಕಾಲು ನೀಡಿ ಕೂತಿದ್ದ ಕುಟ್ಟಪ್ಪ ಕಿಟಕಿ ಸ್ವಲ್ಪ ಸರಿಸಿದ.

"ಒಳಗೆ ಒಂದು ಹನಿ ಇಲ್ಲ ಕಣೋ," ಎಂದ.

ಸಾಂತಪ್ಪ ಗಳ ಹಾಕಿ, ಮತ್ತೆ ಮರದ ಬುಡಕ್ಕೆ ಹೋದ.