ರೋಬೋ ಪುರಾಣದ ಮಂಗಲ

ಅಣ್ಣತಮ್ಮಂದಿರ ಹೆಂಡಂದಿರು ಹೊಲಕ್ಕಾಗಿ, ಬಂಗಾರಕ್ಕಾಗಿ ಮಾತು ಬಿಟ್ಟದ್ದನ್ನು ನೀವು ಕೇಳಿರುತ್ತೀರಿ. ಜಪಾನಿನ ಒಂದು ಕಾರ್ಟೂನ್ ರೋಬೋ ಸಲುವಾಗಿ ಮಾತು ಬಿಟ್ಟವಳು ಮಾತ್ರ ಇಡೀ ಧಾರವಾಡಕ್ಕೆ ನಮ್ಮ ಸೋದರತ್ತೆ ಒಬ್ಬಳೇ!

ಅತ್ತೆ ನಿವೃತ್ತ ಶಿಕ್ಷಕಿ. ಸಪ್ತಾಪುರದ ಮನೆಯ ಮೇಲಿನ ಖೋಲಿಯನ್ನು ಕಾಲೇಜು ಹುಡುಗರಿಗೆ ಬಾಡಿಗೆ ಕೊಟ್ಟಿದ್ದಾಳೆ. ಕೆಲವು ವರ್ಷಗಳ ಹಿಂದೆ ಅಲ್ಲಿಯ ಗದ್ದಲ ಕೇಳಿ ಬೈಯಲೆಂದು ಮೇಲೆ ಹೋದವಳು ಹೊತ್ತು ಮುಳುಗಿದರೂ ಕೆಳಗಿಳಿಯಲಿಲ್ಲ. ಹುಡುಗರ ಲ್ಯಾಪ್‌ಟಾಪಿನಲ್ಲಿ ಜಪಾನಿ ಕಾರ್ಟೂನು: ಗುಡ್ಡದಷ್ಟು ಎತ್ತರದ ರೋಬೋಗಳು, ಅವುಗಳ ಎದೆಯೊಳಗೆ ಕೂತು ನಡೆಸುವ ಹುಡುಗರು, ಕಾಲಿಟ್ಟಲ್ಲಿ ಊರಿಗೆ ಊರೇ ಪುಡಿ! ಬೈಗುಳ ಎಲ್ಲಿ ಹೋಯಿತೋ! ಮರುವಾರವೇ ಅಮ್ಮಿನಬಾವಿಯಿಂದ ತನ್ನ ನೆಗೆಣ್ಣಿಯನ್ನು, ಅಂದರೆ ಮೈದುನನ ಹೆಂಡತಿಯನ್ನೂ ಕರೆಸಿಕೊಂಡಳು.

ನೆಗೆಣ್ಣಿಗೆ ಜಪಾನಿ ಹೋಗಲಿ, ಪರದೆಯ ಕೆಳಗೆ ಓಡುವ ಇಂಗ್ಲಿಷ್ ಅಕ್ಷರವೂ ಬಾರದು. ಅತ್ತೆ ಓದಿ ಕನ್ನಡದಲ್ಲಿ ಹೇಳುವಳು, ಈಕೆ ಹೂಂಗುಟ್ಟುವಳು. ಥೇಟ್ ಶ್ರಾವಣದ ಪುರಾಣ! ಸೇನಾಪತಿ 'ಸಿದ್ಧನಿದ್ದೀಯಾ?' ಎಂದು ಕೇಳಿದ್ದು ಅತ್ತೆಯ ಬಾಯಲ್ಲಿ 'ಉಂಡೀಯೇನಪಾ?' ಆಗುತ್ತಿತ್ತು. ನಾನು ತಿದ್ದಲು ಹೋದರೆ, ಉಪವಾಸ ಇದ್ದವರನ್ನು ಯಾರಾದರೂ ಯುದ್ಧಕ್ಕೆ ಕಳಿಸುತ್ತಾರೆಯೇ ಎಂದು ನನ್ನನ್ನೇ ಗದರುತ್ತಿದ್ದಳು.

ಜಗಳ ಹುಟ್ಟಿದ್ದು ನೀಲಿ ರೋಬೋ ನಡೆಸುವ ಪೋರನಿಂದ. ಅವನು ತನ್ನವರನ್ನು ಬಿಟ್ಟು ವೈರಿಗಳ ಕಡೆ ಸೇರಿದ. ದ್ರೋಹಿ, ಸತ್ತೇ ಹೋಗಬೇಕು ಎಂದು ಅತ್ತೆ. ಹುಡುಗುಬುದ್ಧಿ, ತಿರುಗಿ ಮನೆಗೆ ಬರುತ್ತಾನೆ ಎಂದು ನೆಗೆಣ್ಣಿ. ಕೂಡಿದ ಮನೆಯಲ್ಲಿ ಒಂದೇ ಒಲೆಯ ಮುಂದೆ ರೊಟ್ಟಿ ಬಡಿದು, ಎಂದೂ ಒಬ್ಬರಿಗೊಬ್ಬರು ಎದುರಾಡದವರು ಈ ಪೋರನಿಗಾಗಿ ಕಚ್ಚಾಡಿದರು! "ನಿಮಗ ಕರುಳ ಇಲ್ಲರಿ, ಅಕ್ಕಾರ" ಎಂದು ಬಸ್ಸು ಹತ್ತಿದ ನೆಗೆಣ್ಣಿ ಮತ್ತೆ ಬರಲಿಲ್ಲ. ಅತ್ತೆಯೂ ಕರೆಯಲಿಲ್ಲ. ವಾದದಲ್ಲಿ ಸೋತು ಗೊತ್ತಿದ್ದರೆ ತಾನೇ?

ಅಷ್ಟರಲ್ಲಿ ಆ ಕಥೆಯ ಕೊನೆಯ ಸಿನಿಮಾ ಹುಬ್ಬಳ್ಳಿಯ ಥೇಟರಿಗೆ ಬಂತು. ಅತ್ತೆಗೆ ಊಟ ಸೇರದಾಯಿತು. ಪುರಾಣಕ್ಕೆ ಮೊದಲ ದಿನ ಕೂತವರು ಮಂಗಲದ ದಿನ ಇರದಿದ್ದರೆ ಕೇಳಿದ್ದೆಲ್ಲ ವ್ಯರ್ಥ ಎಂಬುದು ಆಕೆಯ ನಂಬಿಕೆ. ಫೋನು ಮಾಡೋಣವೆಂದರೆ ಸೊಕ್ಕು ಬಿಡದು. ಕೊನೆಗೆ ಕುಂಕುಮ, ಎಲೆಅಡಿಕೆ ಕೊಟ್ಟು ನನ್ನನ್ನು ಅಮ್ಮಿನಬಾವಿಗೆ ಅಟ್ಟಿದಳು. ತಾನು ಕಳಿಸಿದ್ದೆಂದು ಹೇಳಬಾರದಂತೆ! ನೆಗೆಣ್ಣಿ ಕುಂಕುಮ ಹಚ್ಚಿಕೊಂಡಳು, ಏನೂ ಕೇಳದೆ ಸೀರೆ ಬದಲಿಸಿ ನನ್ನ ಸ್ಕೂಟರ್ ಏರಿದಳು.

ಥೇಟರಿನ ಬಾಗಿಲಲ್ಲಿ ಕಾವಲುಗಾರ ನೆಗೆಣ್ಣಿಯ ಚೀಲದಿಂದ ತೆಂಗಿನಕಾಯಿ ಹೊರತೆಗೆದು ಗಾಬರಿಯಾದ. ಮಂಗಲಕ್ಕೆ ಬರಿಗೈಯಲ್ಲಿ ಬರುವುದುಂಟೇ? ಕಾಯಿ ಅವನ ಮೇಜಿನ ಮೇಲೆಯೇ ಉಳಿಯಿತು.

ಅತ್ತೆ ಬಸ್ಸಿನಲ್ಲಿ ಬಂದು ಮೊದಲೇ ಒಳಗೆ ಕೂತಿದ್ದಳು. ಕರಿ ಟೀಶರ್ಟಿನ ಕಾಲೇಜು ಹುಡುಗರ ನಡುವೆ ಇವರಿಬ್ಬರು, ಇವರಿಬ್ಬರ ನಡುವೆ ನಾನು. ಮಾತಿಲ್ಲ, ಕಥೆಯಿಲ್ಲ. ಆದರೆ ಇಂಗ್ಲಿಷ್ ಅಕ್ಷರ ಓಡಲಾರಂಭಿಸಿದ್ದೇ ತಡ, ಅತ್ತೆ ಕನ್ನಡದಲ್ಲಿ ಹೇಳತೊಡಗಿದಳು, ಅದೂ ನನಗೆ! ನನಗೆ ಓದಲು ಬರುತ್ತದೆಂದು ಇಬ್ಬರಿಗೂ ಗೊತ್ತು. ಆಚೆಯಿಂದ ನೆಗೆಣ್ಣಿ ಮೆಲ್ಲಗೆ ಹೂಂಗುಟ್ಟಿದಳು. ಮಧ್ಯಂತರದ ಹೊತ್ತಿಗೆ ನನ್ನನ್ನು ಎಬ್ಬಿಸಿ ಪಕ್ಕದ ಕುರ್ಚಿಗೆ ದಬ್ಬಿಯಾಗಿತ್ತು.

ಕೊನೆಗೆ ನೀಲಿ ರೋಬೋ ತನ್ನವರ ಕಡೆಗೇ ತಿರುಗಿ ಬಂತು. ವೈರಿಗಳಿಗೆ ಒಂಟಿಯಾಗಿ ಅಡ್ಡ ನಿಂತಿತು. ಒಮ್ಮೆಲೇ ಪರದೆಯೆಲ್ಲ ಬೆಳ್ಳಗಾಯಿತು. ಯಾರದೋ ದನಿ ಕೇಳಿಸಿತು, ಕೆಳಗೆ ಒಂದೇ ಸಾಲು ಮೂಡಿತು. ಹುಡುಗ ಸತ್ತನೆಂದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ವಾದದಲ್ಲಿ ಅತ್ತೆ ಗೆದ್ದಿದ್ದಳು.

ನೆಗೆಣ್ಣಿ ಅತ್ತೆಯ ಕೈ ಹಿಡಿದಳು. "ಏನಾತ್ರಿ ಅಕ್ಕಾರ? ಹುಡುಗ ಎಲ್ಲಿ ಹ್ವಾದ?"

ಅತ್ತೆ ಆ ಸಾಲನ್ನು ಓದಿದ್ದನ್ನು ನಾನು ನೋಡಿದೆ.

"ಮನಿಗೆ ಹ್ವಾದ, ತಂಗಿ. ನೀ ಹೇಳಿದ್ದ ಖರೇ ಆತು."

ನೆಗೆಣ್ಣಿ ಸಮಾಧಾನದಿಂದ ನಕ್ಕಳು. ಅತ್ತೆ ಕತ್ತಲಲ್ಲಿ ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡಳು. ಅತ್ತೆಯ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.