‘ಅಂಟು’ ಕಾಲಂ ‘ನಂಟು’ ಎಂದು ಅಚ್ಚಾಗಿರುವ ಬಗ್ಗೆ

ಸಂಖ್ಯೆ: ಹನಿ/ಜಾರು/೧೭
ಶಾಖೆ: ಹನಿ, ಬೆವರು ಮತ್ತು ಇಬ್ಬನಿ
ವಿಷಯ: ಗಣಕಚಿತ್ರದ ಕಿಟಕಿಯ ಮೇಲೆ ಹನಿಗಳು ಜಾರದಿರುವುದು.
ಉಲ್ಲೇಖ: ನಿರ್ದೇಶಕರ ಮೌಖಿಕ ಕೂಗಾಟ.

ಚಲನಚಿತ್ರಗಳಿಗೆ ಕಂಪ್ಯೂಟರಿನಲ್ಲಿ ನೀರಿನ ಹನಿ ಮಾಡಿಕೊಡುವ ಈ ಶಾಖೆಯಲ್ಲಿ, ಪ್ರತಿ ಹನಿಯ ಗಾತ್ರ, ಭಾರ ಮತ್ತು ಗಾಜಿಗೆ ಅದು ಕಚ್ಚಿಕೊಳ್ಳಬೇಕಾದ ‘ಅಂಟು’ ಇವುಗಳನ್ನು ನಮೂನೆಯಲ್ಲಿ ಬರೆಯುವುದು ವಾಡಿಕೆ. ಈ ಬಾರಿ ‘ಅಂಟು’ ಎಂಬುದು ‘ನಂಟು’ ಎಂದು ಅಚ್ಚಾಗಿದ್ದು, ಸಿಬ್ಬಂದಿ ತುಟಿಪಿಟಕ್ಕೆನ್ನದೆ ಭರ್ತಿ ಮಾಡಿರುತ್ತಾರೆ. ಆದ್ದರಿಂದ ಕೆಳಕಂಡಂತೆ ಸೂಚಿಸಲಾಗಿದೆ.

೧. ಹನಿಗಳಿಗೆ ಅತ್ತಿಗೆ, ಷಡ್ಡಕ, ಸೋದರಮಾವ ಇತ್ಯಾದಿ ನಮೂದಿಸಿರುವುದನ್ನು ರದ್ದುಪಡಿಸಲಾಗಿದೆ. ಯಂತ್ರಕ್ಕೆ ಇದು ಹೇಗೆ ಅರ್ಥವಾಯಿತೆಂಬುದು ಪರಿಶೀಲನೆಯಲ್ಲಿದೆ.

೨. ಎದುರಾದ ಹನಿಗಳು ಕೂಡಿ ಒಂದಾಗಿ ಇಳಿಯತಕ್ಕದ್ದು. ಅತ್ತೆ, ಸೊಸೆ ಎಂದು ನಮೂದಾದ ಎರಡು ಹನಿಗಳು ಮೂರು ದಿನದಿಂದ ಒಂದರಿಂದೊಂದು ತಪ್ಪಿಸಿಕೊಂಡು ಹೋಗುತ್ತಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

೩. ಷಡ್ಡಕ ಹನಿಯು ಮೇಲಿನ ಸ್ಥಾನವೇ ಬೇಕೆಂದು ಪಟ್ಟು ಹಿಡಿಯತಕ್ಕದ್ದಲ್ಲ.

೪. ಭಾರವಾದ ಹನಿ ಜಾರಲೇಬೇಕು. ಭೂಮಿಯ ಸೆಳೆತದ ಮುಂದೆ ಯಾರ ಶಿಫಾರಸೂ ನಡೆಯುವುದಿಲ್ಲ.

೫. ಹೀಗಿದ್ದಾಗ್ಯೂ, ಹಿರಿಯ ಹನಿಗಾರರು (ಶಾಖೆಯಲ್ಲಿ ‘ಹನಿಯಜ್ಜ’) ‘ಹೆಂಡತಿ’ ಎಂದು ನಮೂದಿಸಿದ ಹನಿಯೊಂದು ಗಾಜಿನ ಅಂಚಿಗೆ ಬಂದು ನಿಂತೇ ಇದೆ. ನಾಳೆ ಸಂಜೆಯೊಳಗೆ ಅದನ್ನು ಅಳಿಸುವಂತೆ ನಿರ್ದೇಶಕರು ಆದೇಶಿಸಿದ್ದರು. ವಿವರಣೆ ಕೇಳಲಾಗಿ ಹಿರಿಯರು, “ಅವಳು ಯಾರ ಮನೆಯಿಂದಲೂ ಬೇಗ ಹೊರಟವಳಲ್ಲ ಕಣಮ್ಮ. ಬರ್ತೀನಿ ಅಂದಮೇಲೂ ಬಾಗಿಲಲ್ಲಿ ಒಂದು ಗಂಟೆ ಮಾತು. ಹೋದ ತಿಂಗಳು ಮಾತ್ರ ಹೇಳದೆ ಕೇಳದೆ ಹೊರಟುಬಿಟ್ಟಳು. ದೇವರು ಕರೆದ, ಬೇಡ ಅನ್ನೋಕೆ ನಾನ್ಯಾರು? ಇಲ್ಲಾದರೂ ಸ್ವಲ್ಪ ನಿಂತ್ಕೊಳ್ಳಲಿ” ಎಂದು ಹೇಳಿಕೆ ನೀಡಿರುತ್ತಾರೆ.

೬. ಸದರಿ ಹೇಳಿಕೆಯನ್ನು ನಿರ್ದೇಶಕರಿಗೆ ಓದಿ ಹೇಳಲಾಯಿತು. ಅವರು ಎಂಟು ನಿಮಿಷ ಕಿಟಕಿಯನ್ನೇ ನೋಡಿ, “ಇರಲಿ ಬಿಡ್ರಿ. ಅಷ್ಟೂ ಹನಿಗಳಲ್ಲಿ ಅದೊಂದೇ ನೀರಿನ ಥರ ಕಾಣ್ತಿದೆ” ಎಂದು, ಕೂಗಾಡದೆ ಹೊರಟುಹೋದರು.

೭. ಆದ್ದರಿಂದ ಸದರಿ ಹನಿಯನ್ನು ಯಾರೂ ಮುಟ್ಟತಕ್ಕದ್ದಲ್ಲ, ಒರೆಸತಕ್ಕದ್ದಲ್ಲ, ಅವಸರಪಡಿಸತಕ್ಕದ್ದಲ್ಲ. ಅದು ತಾನಾಗಿ ಹೊರಡಲು ಸ್ವತಂತ್ರವಾಗಿದೆ. ಆದರೆ ಈ ಸಲ ಹಿರಿಯರಿಗೆ ಹೇಳಿ ಹೊರಡತಕ್ಕದ್ದು.

ಸಹಿ/-
ಮೇಲ್ವಿಚಾರಕಿ

ಪ್ರತಿಗಳು:
೧. ನಿರ್ದೇಶಕರಿಗೆ, ಕೂಗಾಟ ಹಿಂಪಡೆದುದಕ್ಕೆ ವಂದನೆಗಳೊಂದಿಗೆ.
೨. ನಮೂನೆ ಅಚ್ಚುಹಾಕಿದವರಿಗೆ, ಎಚ್ಚರಿಕೆಗಾಗಿ. ತಪ್ಪು ನಮೂನೆಯ ಒಂದು ಪ್ರತಿ ಕಾದಿರಿಸುವುದು.
೩. ಅತ್ತೆ ಮತ್ತು ಸೊಸೆ ಹನಿಗಳಿಗೆ, ಬೇರೆಬೇರೆ ಲಕೋಟೆಯಲ್ಲಿ.
೪. ದೇವರಿಗೆ, ಹಿರಿಯರ ಬೆಳಗಿನ ಪ್ರಾರ್ಥನೆಯ ಮೂಲಕ.